ನಾನೂರು ಕುದುರೆಗಳ ಸಂಸಾರ

ನಿಮ್ಮ ಮನೆಯ ಮಿಕ್ಸಿಯನ್ನು ಒಮ್ಮೆ ಮಗುಚಿ ತಳ ನೋಡಿ. 750 ವ್ಯಾಟ್ ಎಂದು ಬರೆದಿದ್ದರೆ ಅದು ಹೆಚ್ಚು ಕಡಿಮೆ ಒಂದು ಕುದುರೆಯ ಬಲ ಎಂದು ತಿಳಿಯಿರಿ. ಪುಸ್ತಕದ ಲೆಕ್ಕದಲ್ಲಿ ಒಂದು ಅಶ್ವಶಕ್ತಿಗೆ 746 ವ್ಯಾಟ್. ತೋಟದ ಬೋರ್‌ವೆಲ್ಲಿಗೆ ಇಳಿಸುವ ಮೋಟಾರು ಐದೋ ಏಳೂವರೆಯೋ ಎಚ್‌ಪಿ. ಹಿಟ್ಟಿನ ಗಿರಣಿಯದು ಹತ್ತು ಎನ್ನಿ. ಹಾಗಾದರೆ 400 ಎಚ್‌ಪಿ ಎಂದರೆ ನಾನೂರು ಮನೆಗಳಲ್ಲಿ ಒಂದೇ ಹೊತ್ತಿಗೆ ಚಟ್ನಿ ರುಬ್ಬಿದ ಹಾಗಾಯಿತು! ಅಷ್ಟು ಬಲವನ್ನು ಎರಡು ಲೀಟರಿನ, ಬರೀ ನಾಲ್ಕು ಸಿಲಿಂಡರಿನ ಪುಟ್ಟ ಎಂಜಿನ್ನೊಂದರಿಂದ ಹಿಂಡಿ ತೆಗೆಯುತ್ತೇನೆ, ಅದೇ ಕಾರಿನಲ್ಲಿ ದಿನಾ ಆಫೀಸಿಗೂ ಹೋಗುತ್ತೇನೆ, ತರಕಾರಿಯನ್ನೂ ತರುತ್ತೇನೆ ಎಂದು ಮನೆಯ ಹುಡುಗನೊಬ್ಬ ಹೊರಟರೆ ತಾಯಿಯಾದವಳು ಏನು ಮಾಡಬೇಕು, ನೀವೇ ಹೇಳಿ.

"ಅಯ್ಯೋ, ಅದು ಗಂಡುಹುಡುಗರ ಗೀಳು, ಮೆಕ್ಯಾನಿಕ್ಕಿನ ಮಾತು, ನಮಗ್ಯಾಕೆ?" ಎನ್ನಬೇಡಿ. ಗೀಳು ಅವರದ್ದೇ ಆದರೂ ದುಡ್ಡು ಮನೆಯದು. ಆ ಕಾರಿನಲ್ಲಿ ಕೂತು ಓಡಾಡುವ ಜೀವಗಳೂ ಮನೆಯವೇ. ಅದಕ್ಕಿಂತ ಹೆಚ್ಚಾಗಿ, ಇದು ಪೂರಾ ಲೆಕ್ಕಾಚಾರದ ಕೆಲಸ. ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ಸಾಕು, ಎಷ್ಟು ಹೆಚ್ಚು ಎಂದು ತೂಗಿ ನೋಡುವ ವಿದ್ಯೆ ನಮಗೆ ಬಾರದ್ದೇ?

ನನ್ನ ಮಗ ಇರುವುದು ಅಮೆರಿಕದ ಮಿಷಿಗನ್ನಿನಲ್ಲಿ, ಕಾರುಗಳ ತವರುಮನೆ ಡೆಟ್ರಾಯಿಟ್ ಊರಿನ ಹತ್ತಿರ. ಸೊಸೆ ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸು. ನಾನೂ ನಮ್ಮ ಯಜಮಾನರೂ ಒಂದು ಚಳಿಗಾಲ ಪೂರ್ತಿ ಅವರ ಜೊತೆ ಇದ್ದೆವು. ಆಗ ಅವನ ಬಳಿ ಇದ್ದದ್ದು ಮಿತ್ಸುಬಿಷಿಯವರ ಲ್ಯಾನ್ಸರ್ ಎವಲ್ಯೂಷನ್ ಎಂಬ ಹಳೆಯ ಕಾರು. ಅದು ಅಮೆರಿಕದ ಮಾರುಕಟ್ಟೆಗೆ 2003ರಲ್ಲಿ ಬಂತು. ಕಾರ್ಖಾನೆಯಿಂದ ಬರುವಾಗಲೇ 271 ಅಶ್ವಶಕ್ತಿ. ಅದರ ಎಂಜಿನ್ನಿಗೆ 4ಜಿ63 ಎಂದು ಹೆಸರು: 1997 ಸಿ.ಸಿ., ಎರಕಹೊಯ್ದ ಕಬ್ಬಿಣದ ಗಟ್ಟಿ ಮೈ, ನಾಲ್ಕೇ ಸಿಲಿಂಡರು, ಜೊತೆಗೆ ಒಂದು ಟರ್ಬೊ. ನಾಲ್ಕು ಚಕ್ರಕ್ಕೂ ಬಲ ಹೋಗುವುದರಿಂದ ಹಿಮದಲ್ಲಿ ಸುಲಭವಾಗಿ ಮುಂದೆ ಹೋಗುತ್ತದೆ. ಆದ್ದರಿಂದಲೇ, ಸೊಸೆಗೆ ಬೇರೆ ಸಣ್ಣ ಕಾರಿದ್ದರೂ, ಹಿಮ ಬಿದ್ದ ದಿನ ಅವಳು ಬೆಳಗಿನ ಡ್ಯೂಟಿಗೆ ಹೊರಡುತ್ತಿದ್ದದ್ದು ಈ ಕಾರಿನಲ್ಲಿ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಟರ್ಬೊ ಅಂದರೆ ಏನು ಅಂತೀರಾ? ಎಂಜಿನ್ ಉಸಿರು ಬಿಟ್ಟ ಹೊಗೆ ಸೈಲೆನ್ಸರಿನ ಕಡೆ ಹೋಗುವ ದಾರಿಯಲ್ಲಿ ಒಂದು ಪುಟ್ಟ ಚಕ್ರ ಇಟ್ಟಿರುತ್ತಾರೆ. ಬಿಸಿ ಹೊಗೆಯ ರಭಸಕ್ಕೆ ಅದು ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಗೆ ಇನ್ನೊಂದು ಚಕ್ರ. ಅದು ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿನ ಹೊಟ್ಟೆಗೆ ತುಂಬುತ್ತದೆ. ಗಾಳಿ ಹೆಚ್ಚು ಹೋದರೆ ಪೆಟ್ರೋಲನ್ನೂ ಹೆಚ್ಚು ಉರಿಸಬಹುದು, ಬಲವೂ ಹೆಚ್ಚು. ಸುಮ್ಮನೆ ಹೊರಗೆ ಹೋಗುವ ಕಾವನ್ನು ಕೆಲಸಕ್ಕೆ ಹಚ್ಚುವ ಉಪಾಯ. ಅಡುಗೆ ಒಲೆಯ ಪಕ್ಕದ ಕೊಡವೊಲೆಯಲ್ಲಿ ನೀರು ಕಾಯಿಸುತ್ತಿದ್ದ ನಮ್ಮ ಅಜ್ಜಿಯರು ಇದನ್ನು ನೋಡಿದ್ದರೆ ಮೆಚ್ಚುತ್ತಿದ್ದರು. ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯುಖಿ ಎಂಬ ಎಂಜಿನಿಯರು ಪೇಟೆಂಟು ಪಡೆದದ್ದು 1905ರಲ್ಲಿ.

ಎಷ್ಟು ಒತ್ತಡ ಎಂದು ತಿಳಿಯಲು ನಿಮ್ಮ ಪ್ರೆಷರ್ ಕುಕ್ಕರೇ ಸಾಕು. ಕುಕ್ಕರಿನ ವೇಟು ಎದ್ದು ಸೀಟಿ ಹೊಡೆಯುವಾಗ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಸುಮಾರು 15 ಪೌಂಡು ಹೆಚ್ಚು. ಟರ್ಬೊ ಅಷ್ಟೇ ಒತ್ತಿದರೆ ಎಂಜಿನ್ನಿಗೆ ಹೆಚ್ಚು ಕಡಿಮೆ ಎರಡರಷ್ಟು ಗಾಳಿ ಹೋಗುತ್ತದೆ. ಮಗನ ಕಾರಿನಲ್ಲಿ ಕಾರ್ಖಾನೆಯವರು ಇಟ್ಟದ್ದೇ ಸುಮಾರು 19 ಪೌಂಡು, ಕುಕ್ಕರಿಗಿಂತ ತುಸು ಮೇಲೆ. ಕುಕ್ಕರಿಗೆ ವೇಟು ಇದ್ದ ಹಾಗೆ ಟರ್ಬೊಗೂ ಒಂದು ಬಾಗಿಲಿದೆ. ಅದಕ್ಕೆ ವೇಸ್ಟ್‌ಗೇಟ್ ಎನ್ನುತ್ತಾರೆ. ಒತ್ತಡ ಸಾಕಷ್ಟಾದ ಕೂಡಲೇ ಅದು ತೆರೆದುಕೊಂಡು ಹೊಗೆಯನ್ನು ಚಕ್ರದ ಪಕ್ಕದಿಂದ ದಾಟಿಸಿಬಿಡುತ್ತದೆ, ಚಕ್ರ ಇನ್ನೂ ಜೋರಾಗಿ ತಿರುಗುವುದಿಲ್ಲ. ಕುಕ್ಕರಿಗೆ ಗ್ಯಾಸ್ಕೆಟ್ ಇದ್ದ ಹಾಗೆ ಎಂಜಿನ್ನಿಗೂ ಹೆಡ್ ಗ್ಯಾಸ್ಕೆಟ್ ಇದೆ. ಒತ್ತಡ ಮಿತಿಮೀರಿದರೆ ಅದೂ ಸೋರುತ್ತದೆ.

ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ತುದಿ ಮುಟ್ಟಿ ನೋಡಿ, ಗೊತ್ತಾಗುತ್ತೆ. ಬಿಸಿ ಗಾಳಿ ಎಂಜಿನ್ನಿಗೆ ಶತ್ರು. ಸರಿಯಾದ ಎಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿಯಿಂದ ಹೊರಟ ಉರಿ ಸಾಲಾಗಿ ಹರಡಿಕೊಂಡು ಬರಬೇಕು. ಕಾವು, ಒತ್ತಡ ಎರಡೂ ಅತಿಯಾದರೆ ಮೂಲೆಯಲ್ಲಿ ಉಳಿದ ಪೆಟ್ರೋಲು ಗಾಳಿ ತನ್ನಷ್ಟಕ್ಕೆ ತಾನೇ ಒಗ್ಗರಣೆಯ ಸಾಸಿವೆಯ ಹಾಗೆ ಸಿಡಿಯುತ್ತದೆ. ಇದಕ್ಕೇ ನಾಕಿಂಗ್ ಎನ್ನುವುದು. ಒಗ್ಗರಣೆ ಸಿಡಿದರೆ ಕೈ ಸುಟ್ಟೀತು. ಇಲ್ಲಿ ಸಿಡಿದರೆ ಪಿಸ್ಟನ್ನೇ ಒಡೆದು ಹೋಗುತ್ತದೆ. ಆದ್ದರಿಂದ ಒತ್ತಿದ ಗಾಳಿಯನ್ನು ಇಂಟರ್‌ಕೂಲರ್ ಎಂಬ, ರೇಡಿಯೇಟರಿನಂಥದೇ ಡಬ್ಬದಲ್ಲಿ ತಣಿಸಿ ಒಳಗೆ ಬಿಡುತ್ತಾರೆ. ಇಷ್ಟು ತಿಳಿದರೆ ಮುಂದಿನ ಮಾತೆಲ್ಲ ನಿಮಗೆ ನೀರು ಕುಡಿದಷ್ಟು ಸುಲಭ.

ಮಗ ಬರೆದಿಟ್ಟುಕೊಂಡ ಪಟ್ಟಿಯ ಮೊದಲ ಸಾಲಿನಲ್ಲಿ 600 ಅಶ್ವಶಕ್ತಿ ಎಂದಿತ್ತು. ಎರಡನೆಯ ಸಾಲಿನಲ್ಲಿ ದೊಡ್ಡ ಟರ್ಬೊ. ಮೂರು ಪುಟ ಸಾಮಾನು. ಎಲ್ಲ ಮುಗಿದ ಮೇಲೆ, ಕೊನೆಯ ಪುಟದ ತಳದಲ್ಲಿ, "ದಿನದ ಓಡಾಟಕ್ಕೂ ಆಗಬೇಕು" ಎಂದು ಒಂದು ಸಾಲು. ಅವನು ಉತ್ಸಾಹದಿಂದ ಓದುತ್ತಿದ್ದ. ನಮ್ಮ ಯಜಮಾನರು "ಭೇಷ್" ಎನ್ನುತ್ತಿದ್ದರು. ಬಟ್ಟೆ ಮಡಿಸುತ್ತಿದ್ದ ಸೊಸೆ ತಲೆಯೆತ್ತದೆ ಒಂದೇ ಮಾತು ಹೇಳಿದಳು: "ಅತ್ತೆ, ಹಿಮ ಬಿದ್ದ ದಿನ ಬೆಳಿಗ್ಗೆ ಐದು ಗಂಟೆಗೆ ಅದನ್ನ ಸ್ಟಾರ್ಟ್ ಮಾಡೋಳು ನಾನು."

ಮನೆ ನಿಶ್ಶಬ್ದವಾಯಿತು. ಅವಳು ಜಗಳ ಮಾಡಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಆದರೆ ಆ ಒಂದು ಮಾತಿನಲ್ಲಿ ಇಡೀ ಪಟ್ಟಿ ತಲೆಕೆಳಗಾಯಿತು. ದಿನದ ಓಡಾಟ ಎಂದರೆ ಯಾರ ದಿನ? ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿನ ಚಳಿಯಲ್ಲಿ, ಕತ್ತಲಲ್ಲಿ, ಒಬ್ಬಳೇ ರೋಗಿಗಳ ಸೇವೆಗೆ ಹೊರಡುವ ಹೆಣ್ಣುಮಗಳ ದಿನವೂ ಅದರಲ್ಲಿ ಸೇರಿತಲ್ಲ! ದಾರಿಯಲ್ಲಿ ಕೈಕೊಟ್ಟರೆ ಆ ಚಳಿಯಲ್ಲಿ ಏನು ಗತಿ? "ಪಟ್ಟೀನ ಕೊನೆಯಿಂದ ಬರಿ ಕಣೋ" ಎಂದೆ ನಾನು. "ಕೊನೇ ಸಾಲು ಮೊದಲು ಬರಲಿ."

ಮದುವೆಗೆ ಅಡುಗೆ ಮಾಡಿಸುವಾಗ ನಾವು ಮಾಡುವುದೂ ಇದನ್ನೇ. ಎಷ್ಟು ಎಲೆ ಬೀಳುತ್ತೆ, ಎಷ್ಟು ಪಂಕ್ತಿ, ವಯಸ್ಸಾದವರು ಎಷ್ಟು, ಮಕ್ಕಳು ಎಷ್ಟು, ಇದು ಮೊದಲು. ಕೊಳದಪ್ಪಲೆ ಎಷ್ಟು ದೊಡ್ಡದು ಎಂಬುದು ಆಮೇಲೆ. ಹಾಗೆ ಅವರಿಬ್ಬರೂ ಕೂತು ಒಂದು ವಾರದ ಓಡಾಟ ಬರೆದರು. ಆಫೀಸಿಗೆ ಹೋಗಿ ಬರುವ ದೂರ, ಸಿಗ್ನಲ್ಲುಗಳಲ್ಲಿ ನಿಲ್ಲುವುದು, ಹೆದ್ದಾರಿಯ ಓಟ, ಅಂಗಡಿ, ಆಸ್ಪತ್ರೆ. ಬರೆದು ನೋಡಿದರೆ ಆಶ್ಚರ್ಯ! ಅಂಥ ಕಾರು ಸಮತಟ್ಟು ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಒಂದೇ ಸಮನೆ ಓಡಲು ಬೇಕಾದ್ದು 20, 25 ಅಶ್ವಶಕ್ತಿ ಅಷ್ಟೇ. ಮಿಕ್ಕದ್ದೆಲ್ಲ ಹೆದ್ದಾರಿಗೆ ಸೇರುವಾಗ, ಲಾರಿ ದಾಟುವಾಗ, ಕೆಲವೇ ಸೆಕೆಂಡುಗಳ ಕೆಲಸಕ್ಕೆ. ಅಂದರೆ ಆ ಎಂಜಿನ್ನು ತನ್ನ ಆಯುಷ್ಯದ ಬಹುಪಾಲು ಇಪ್ಪತ್ತು ಕುದುರೆಯ ಸಂಸಾರ ಮಾಡಬೇಕು, ಯಾವಾಗಲೋ ಒಮ್ಮೆ ನಾನೂರರ ಹಬ್ಬ ಮಾಡಬೇಕು. ಹಬ್ಬಕ್ಕೆಂದು ಮನೆ ಕಟ್ಟಿ ಉಳಿದ ದಿನ ಒದ್ದಾಡುವವರುಂಟೇ?

ಮೊದಲು ಬದಲಾದದ್ದು ಟರ್ಬೊ. ದೊಡ್ಡ ಟರ್ಬೊ ದೊಡ್ಡ ಸೌದೆ ಒಲೆಯ ಹಾಗೆ, ಹತ್ತಿಕೊಂಡ ಮೇಲೆ ಧಗಧಗ, ಹತ್ತಿಕೊಳ್ಳುವವರೆಗೆ ಊದುಕೊಳವೆ ಹಿಡಿದು ಕಾಯಬೇಕು. ಎಂಜಿನ್ನು ಬಹಳ ಜೋರಾಗಿ ತಿರುಗುವವರೆಗೆ ಅದರಲ್ಲಿ ಪಿಕಪ್ ಇರುವುದಿಲ್ಲ. ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಹಿಮದ ರಸ್ತೆಯಲ್ಲಿ ಒಮ್ಮೆಲೇ ನುಗ್ಗುವ ಕಾರು ಯಾರಿಗೆ ಬೇಕು? ಊರೊಳಗಿನ ಓಡಾಟದಲ್ಲಿ ಎಂಜಿನ್ನು ತಿರುಗುವುದು ನಿಮಿಷಕ್ಕೆ ಎರಡು, ಮೂರು ಸಾವಿರ ಸುತ್ತು. ಆ ಹೊತ್ತಿಗೆ ಎಚ್ಚರವಾಗಿರುವ ಮಧ್ಯಮ ಗಾತ್ರದ ಟರ್ಬೊ ಸಾಕು ಎಂದು ತೀರ್ಮಾನವಾಯಿತು.

ಇದು ನಮ್ಮ ಮನೆಯಲ್ಲೇ ಹುಟ್ಟಿದ ವಿವೇಕವೇನಲ್ಲ. 1973ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಂಪನಿ 2002 ಟರ್ಬೊ ಎಂಬ ಕಾರು ತಂದಿತು. ಎರಡು ಲೀಟರ್, ನಾಲ್ಕು ಸಿಲಿಂಡರ್, 170 ಅಶ್ವಶಕ್ತಿ. ಬಲವೇನೋ ಇತ್ತು, ಆದರೆ ತಡವಾಗಿ ಬಂದು ಒಮ್ಮೆಲೇ ನುಗ್ಗುವ ಗುಣಕ್ಕೇ ಅದು ಹೆಸರಾಯಿತು. ಅದೇ ವರ್ಷ ಪ್ರಪಂಚಕ್ಕೆ ಎಣ್ಣೆಯ ಬಿಕ್ಕಟ್ಟೂ ಬಂತು. 1975ರ ಹೊತ್ತಿಗೆ ಅದರ ತಯಾರಿಕೆ ನಿಂತಿತು. 1978ರಲ್ಲಿ ಸ್ವೀಡನ್ನಿನ ಸಾಬ್ ಕಂಪನಿ 99 ಟರ್ಬೊ ಮಾರಾಟಕ್ಕಿಟ್ಟಿತು. ಅದೂ ಎರಡೇ ಲೀಟರ್, ನಾಲ್ಕೇ ಸಿಲಿಂಡರ್, ಬಲ ಮಾತ್ರ 145. ಆದರೆ ಅವರು ಟರ್ಬೊವನ್ನು ಚಿಕ್ಕದು ಮಾಡಿ, ದಿನನಿತ್ಯದ ವೇಗದಲ್ಲೇ ಬಲ ಸಿಗುವಂತೆ ಹೊಂದಿಸಿದ್ದರು. ಹಿಮದ ನಾಡಿನ ಸಂಸಾರಸ್ಥರು ಅದನ್ನು ಕೊಂಡು ದಿನಾ ಓಡಿಸಿದರು. ಹೆಚ್ಚು ಕುದುರೆಯ ಕಾರು ಬೇಗ ಮರೆಯಾಯಿತು, ಕಡಿಮೆ ಕುದುರೆಯದು ಮನೆಮನೆಯ ಬಾಗಿಲಲ್ಲಿ ನಿಂತಿತು.

ಹಾಗಾದರೆ 600ರ ಕನಸು? ಅದರಲ್ಲೂ ಒಂದು ಗುಟ್ಟಿದೆ. ಹಳೆಯ ಎಂಜಿನ್ನಿನ ಸಿಲಿಂಡರುಗಳ ಒತ್ತಡ ಅಳೆಸಿದಾಗ ನಾಲ್ಕರಲ್ಲಿ ಒಂದು ದುರ್ಬಲವಾಗಿತ್ತು. ಹೇಗೂ ಎಂಜಿನ್ ಇಳಿಸಲೇಬೇಕು. ಇಳಿಸಿದ ಮೇಲೆ ರೀಬೋರ್ ಮಾಡಿಸಿ, 85 ಮಿ.ಮೀ. ಇದ್ದ ಸಿಲಿಂಡರನ್ನು 85.5 ಮಿ.ಮೀ. ಮಾಡಿ, ಬಡಿದು ಹದಗೊಳಿಸಿದ ಉಕ್ಕಿನ ಕನೆಕ್ಟಿಂಗ್ ರಾಡುಗಳು, ಎರಕದ ಪಿಸ್ಟನ್ನಿನ ಬದಲು ಒತ್ತಿ ರೂಪಿಸಿದ ಗಟ್ಟಿ ಪಿಸ್ಟನ್ನುಗಳು, ಹೆಡ್ಡನ್ನು ಬಿಗಿಯುವ ಬಲವಾದ ಬೋಲ್ಟುಗಳು, ಪದರ ಪದರವಾದ ಉಕ್ಕಿನ ಗ್ಯಾಸ್ಕೆಟ್, ಇವನ್ನು ಹಾಕಿಸಬಹುದು. ಬಿಡಿ ಭಾಗಗಳು 600 ತಡೆಯಲಿ, ಆದರೆ ಎಂಜಿನ್ನಿನಿಂದ ಕೇಳುವುದು 400 ಮಾತ್ರ ಇರಲಿ ಎಂದು ಗೊತ್ತಾಯಿತು. ಒಂದು ಸೇರು ಹಾಲನ್ನು ಒಂದು ಸೇರಿನ ಪಾತ್ರೆಯಲ್ಲೇ ಕಾಯಿಸುವವರುಂಟೇ? ಅಂಚು ಬಿಟ್ಟು ಕಾಯಿಸಬೇಕು. ಆಗ ಒಂದು ಕ್ಷಣ ಕಣ್ಣು ಆಚೀಚೆ ಹೋದರೂ ಹಾಲು ಉಕ್ಕುವುದಿಲ್ಲ. ಒಂದು ದಿನ ಸೆಖೆ ಜಾಸ್ತಿ, ಒಂದು ದಿನ ಪೆಟ್ರೋಲು ಕಳಪೆ, ಒಂದು ದಿನ ಪ್ಲಗ್ಗು ಹಳೆಯದು. ದಿನದ ಕಾರಿಗೆ ಇವೆಲ್ಲ ಬಂದೇ ಬರುತ್ತವೆ. ಪಂದ್ಯದ ಕಾರಿಗೆ ಪಕ್ಕದಲ್ಲೇ ನಾಲ್ಕು ಮೆಕ್ಯಾನಿಕ್ಕುಗಳು ನಿಂತಿರುತ್ತಾರೆ. ದಿನದ ಕಾರಿಗೆ ಈ ಬಿಟ್ಟ ಅಂಚೇ ಮೆಕ್ಯಾನಿಕ್ಕು.

ಪಿಸ್ಟನ್ನಿನಲ್ಲೂ ಎರಡು ಜಾತಿ ಎಂದು ಆಗ ತಿಳಿಯಿತು. ಎರಡೂ ಅಲ್ಯುಮಿನಿಯಂ ಮಿಶ್ರಲೋಹವೇ. ಒಂದಕ್ಕೆ 2618 ಎಂದು ಸಂಖ್ಯೆ. ಅದರಲ್ಲಿ ಸಿಲಿಕಾನ್ ತೀರಾ ಕಡಿಮೆ, ಏಟು ತಡೆಯುವ ಗುಣ ಹೆಚ್ಚು. ಆದರೆ ಕಾದಾಗ ಬಹಳ ಹಿಗ್ಗುವುದರಿಂದ ಸಿಲಿಂಡರಿನಲ್ಲಿ ಹೆಚ್ಚು ಸಡಿಲ ಬಿಡಬೇಕು. ಚಳಿಯಲ್ಲಿ ಸ್ಟಾರ್ಟ್ ಮಾಡಿದರೆ ಬಿಸಿಯಾಗುವವರೆಗೆ ಕಟಕಟ ಸದ್ದು. ಇನ್ನೊಂದು 4032. ಅದರಲ್ಲಿ ನೂರಕ್ಕೆ ಸುಮಾರು 12 ಪಾಲು ಸಿಲಿಕಾನ್. ಹಿಗ್ಗುವುದು ಕಡಿಮೆ, ಬಿಗಿಯಾಗಿ ಕೂರುತ್ತದೆ, ಸದ್ದು ಕಡಿಮೆ, ಸವೆತವೂ ಕಡಿಮೆ. ಏಟು ತಡೆಯುವುದರಲ್ಲಿ ಸ್ವಲ್ಪ ಹಿಂದೆ. ಪಂದ್ಯಕ್ಕೆ ಮೊದಲನೆಯದು, ಬೆಳಗಿನ ಐದು ಗಂಟೆಗೆ ಎರಡನೆಯದು. ನಮ್ಮವರು ಎರಡನೆಯದನ್ನೇ ಆರಿಸಿದರು. 400 ಎಂದು ಮಿತಿ ಹಾಕಿಕೊಂಡದ್ದರಿಂದಲೇ ಅದನ್ನು ಆರಿಸಲು ಸಾಧ್ಯವಾದದ್ದು, ಗಮನಿಸಿ.

ಇನ್ನು ಪೆಟ್ರೋಲಿನ ವಿಷಯ. ಹೆಚ್ಚು ಬಲ ಬೇಕೆನ್ನುವವರು ಅಲ್ಲಿ ಇ85 ಎಂಬ ಇಂಧನ ಹಾಕುತ್ತಾರೆ. ಅದರಲ್ಲಿ ಬಹುಪಾಲು ಎಥೆನಾಲ್. ಅದು ಒಳಗೆ ತಂಪು ಮಾಡುತ್ತದೆ, ನಾಕಿಂಗ್ ತಡೆಯುತ್ತದೆ, ನಿಜ. ಆದರೆ ಅದೇ ದೂರಕ್ಕೆ ಹೆಚ್ಚು ಲೀಟರು ಬೇಕು, ಎಲ್ಲ ಬಂಕುಗಳಲ್ಲೂ ಸಿಗುವುದಿಲ್ಲ, ಚಳಿಯಲ್ಲಿ ಬೇಗ ಹತ್ತಿಕೊಳ್ಳುವುದಿಲ್ಲ. ಚಳಿಗಾಲದಲ್ಲಿ ಅದರ ಎಥೆನಾಲ್ ಪ್ರಮಾಣವನ್ನೇ ಇಳಿಸಿ ಮಾರುತ್ತಾರೆ, ಹಾಗಾಗಿ ಒಂದೇ ಹದ ಇರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಡ್ಯೂಟಿ ಮುಗಿಸಿ ಬರುವವಳು ಇಂಧನ ಹುಡುಕಿಕೊಂಡು ಊರು ಸುತ್ತಬೇಕೇ? ಹತ್ತಿರದ ಬಂಕಿನಲ್ಲಿ ಸಿಗುವ 93 ನಂಬರಿನ ಪೆಟ್ರೋಲೇ ಸಾಕು ಎಂದಾಯಿತು. ಅಲ್ಲಿನ ಲೆಕ್ಕವೇ ಬೇರೆ. ಆ 93 ನಮ್ಮ ಬಂಕುಗಳ ಲೆಕ್ಕದಲ್ಲಿ ಸುಮಾರು 98 ಆಗುತ್ತದೆ.

ಕ್ಲಚ್ಚಿನ ಮಾತು ಬಂದಾಗ ಸೊಸೆಯನ್ನೇ ಕೇಳಿದೆವು. 600 ತಡೆಯುವ ಕ್ಲಚ್ಚಿನ ಪೆಡಲು ಗಟ್ಟಿ, ಒಮ್ಮೆಲೇ ಹಿಡಿಯುತ್ತದೆ. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿದ ಕಾಲು ಸಿಗ್ನಲ್ಲಿಗೊಮ್ಮೆ ಅದನ್ನು ತುಳಿಯಬೇಕು. "ನನ್ನ ಕಾಲು ನಡುಗೋ ಕ್ಲಚ್ ಬೇಡ" ಅಂದಳು. 400ಕ್ಕೆ ಸಾಕಾಗುವ ಒಂದೇ ತಟ್ಟೆಯ, ಮೆತ್ತಗೆ ಹಿಡಿಯುವ ಕ್ಲಚ್ಚು ಬಂತು. ಅದರ ಜೊತೆಗೆ ದೊಡ್ಡ ರೇಡಿಯೇಟರು, ಹೊಸ ಬ್ರೇಕ್ ಪ್ಯಾಡು, ಬ್ರೇಕ್ ಆಯಿಲು, ಚಳಿಗಾಲದ ಟೈರುಗಳು ಪಟ್ಟಿಯ ಮೇಲಕ್ಕೆ ಬಂದವು. ನಿಲ್ಲಿಸುವ ಶಕ್ತಿ ಮೊದಲು, ಓಡಿಸುವ ಶಕ್ತಿ ಆಮೇಲೆ. ಟೈಮಿಂಗ್ ಬೆಲ್ಟನ್ನೂ ಮರೆಯುವಂತಿಲ್ಲ. ಈ ಎಂಜಿನ್ನಿನಲ್ಲಿ ಆ ಬೆಲ್ಟು ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಹೊಡೆದುಕೊಳ್ಳುತ್ತವೆ, ಸಾವಿರಾರು ಡಾಲರಿನ ಕೆಲಸ ಒಂದು ಬೆಲ್ಟಿಗೆ ಹಾಳು. ಹೊಸ ಬೆಲ್ಟು, ಹೊಸ ವಾಟರ್ ಪಂಪು ಎರಡೂ ಸೇರಿದವು.

ದುಡ್ಡಿನ ಮಾತು ಬರೆಯದೆ ಇದ್ದರೆ ಈ ಲೇಖನ ಉಪ್ಪಿಲ್ಲದ ಸಾರು. ಅವರು ಸ್ವಂತ ಮನೆಗೆಂದು ಕೂಡಿಡುತ್ತಿದ್ದ ಗಂಟಿಗೇ ಇದು ಕೈ ಹಾಕುವ ವಿಷಯ. ಮನೆಯ ಗಂಟು ಬೇರೆ, ಕಾರಿನ ಗಂಟು ಬೇರೆ ಎಂದು ಮೊದಲು ವಿಂಗಡಿಸಿದರು. ಕಾರಿನ ಗಂಟಿನಲ್ಲಿ ಹತ್ತಕ್ಕೆ ಆರು ಪಾಲು ಸಾಮಾನು ಮತ್ತು ಕೂಲಿಗೆ. ಎರಡು ಪಾಲು ಟ್ಯೂನಿಂಗಿಗೆ, ಅಂದರೆ ಕಾರನ್ನು ರೋಲರುಗಳ ಮೇಲೆ ಓಡಿಸಿ, ಯಾವ ವೇಗಕ್ಕೆ ಎಷ್ಟು ಪೆಟ್ರೋಲು, ಎಷ್ಟು ಹೊತ್ತಿಗೆ ಕಿಡಿ ಎಂದು ಕಂಪ್ಯೂಟರಿನಲ್ಲಿ ಹದ ಮಾಡುವ ಕೆಲಸಕ್ಕೆ. ಅಡುಗೆಗೆ ಸಾಮಾನು ಎಷ್ಟೇ ಒಳ್ಳೆಯದಿರಲಿ, ಹದ ತಪ್ಪಿದರೆ ಏನು ಬಂತು? ಉಳಿದ ಎರಡು ಪಾಲನ್ನು ಮುಟ್ಟಬಾರದು. ಎಂಜಿನ್ ಬಿಚ್ಚಿದಾಗ ಕಣ್ಣಿಗೆ ಬೀಳುವ ಹೊಸ ರೋಗಕ್ಕೆ ಅದು ಮದ್ದು. ಹಳೇ ಮನೆ ರಿಪೇರಿ ಮಾಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೋಡೆ ಕೆರೆದ ಮೇಲೆಯೇ ಗೆದ್ದಲು ಕಾಣುವುದು.

ಮಗನ ಪರಿಚಯದವನೊಬ್ಬ ಮೊದಲು ಮಿರಿಮಿರಿ ಹೊಳೆಯುವ ಟರ್ಬೊ ಕೊಂಡ. ಅದಕ್ಕೆ ತಕ್ಕ ಪಂಪು ಬೇಕಾಯಿತು, ಪಂಪಿಗೆ ತಕ್ಕ ಇಂಜೆಕ್ಟರು, ಅದಕ್ಕೆ ತಕ್ಕ ಕಂಪ್ಯೂಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಎರಡು ಚಳಿಗಾಲ ಅವನ ಕಾರು ಎಂಜಿನ್ ಬಿಚ್ಚಿಕೊಂಡು ಷೆಡ್ಡಿನಲ್ಲೇ ಕೂತಿತ್ತು, ಅವನು ಇನ್ನೊಬ್ಬರ ಕಾರಿನಲ್ಲಿ ಆಫೀಸಿಗೆ ಹೋಗುತ್ತಿದ್ದ. ಇದನ್ನು ನೋಡಿ ನಮ್ಮವರು ಒಂದು ನಿಯಮ ಮಾಡಿಕೊಂಡರು. ಕೊನೆಯ ಬೋಲ್ಟೂ ಮನೆಗೆ ಬಂದು ಎಣಿಕೆಯಾದ ಮೇಲೆಯೇ ಎಂಜಿನ್ನಿಗೆ ಕೈ ಹಾಕಬೇಕು. ಅದೂ ಬೇಸಿಗೆಯಲ್ಲಿ, ಸೊಸೆಗೆ ಸಣ್ಣ ಕಾರು ಸಾಕಾಗುವ ತಿಂಗಳುಗಳಲ್ಲಿ.

ಅಲ್ಲಿ ಕಾನೂನೂ ಉಂಟು. ಹೊಗೆ ಶುದ್ಧಿ ಮಾಡುವ ಕೆಟಲಿಟಿಕ್ ಕನ್ವರ್ಟರನ್ನು ಬಲದ ಆಸೆಗೆ ಕಿತ್ತೆಸೆಯುವುದು ಇಡೀ ಅಮೆರಿಕದಲ್ಲಿ ಅಪರಾಧ. ಅದನ್ನು ಉಳಿಸಿಕೊಂಡೇ ಯೋಜನೆ ಮಾಡಿದರು. ವಿಮೆಯವರಿಗೆ ಎಲ್ಲ ಬದಲಾವಣೆಯನ್ನೂ ಬರೆದು ತಿಳಿಸಿದರು. ಕಂತು ಏರಿತು, ಏರಲಿ. ಅಪಘಾತದ ದಿನ "ನೀವು ನಮಗೆ ಹೇಳಿರಲಿಲ್ಲ" ಎನ್ನಿಸಿಕೊಳ್ಳುವುದಕ್ಕಿಂತ ಅದು ಮೇಲಲ್ಲವೇ?

ನಮ್ಮ ದೇಶದಲ್ಲಿರುವ ಮಕ್ಕಳಿಗೆ ಈ ಹುಚ್ಚು ಹಿಡಿದರೆ ಮಾತ್ರ ಇನ್ನೊಂದು ಮಾತು ಕಟ್ಟುನಿಟ್ಟಾಗಿ ಹೇಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರು ಗೊತ್ತುಮಾಡಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿದಿದೆ. ಕಾಯ್ದೆಯೇ ಒಪ್ಪುವ ಕೆಲವು ಬದಲಾವಣೆಗಳಿಗೂ ಆರ್‌ಟಿಓ ಕಛೇರಿಯ ಅನುಮತಿ ಬೇಕು. ಆದ್ದರಿಂದ "ಗ್ಯಾರೇಜಿನವನು ಮಾಡಿಕೊಡ್ತೀನಿ ಅಂದಿದ್ದಾನೆ" ಎಂಬ ಮಾತಿಗೆ ಕಿವಿಗೊಡಬೇಡಿ. ಈಗ ಕಂಪನಿಯಿಂದಲೇ ಟರ್ಬೊ ಹಾಕಿ ಬರುವ ಪೆಟ್ರೋಲು ಕಾರುಗಳು ನಮ್ಮ ಸಣ್ಣ ಊರುಗಳ ರಸ್ತೆಯಲ್ಲೂ ಓಡಾಡುತ್ತಿವೆ. ಆಸೆ ಇದ್ದವರು ಅಂಥದನ್ನೇ ಕೊಳ್ಳಲಿ, ಎಂಜಿನಿಯರುಗಳು ಅಂಚು ಬಿಟ್ಟೇ ಅದನ್ನು ಮಾಡಿರುತ್ತಾರೆ.

ನಿಮ್ಮ ಮನೆಯಲ್ಲೂ ಅಂಥ ಕಾರೋ ಜೀಪೋ ಇದ್ದರೆ ಈ ಮೂರು ಮಾತು ನೆನಪಿಡಿ. ಟರ್ಬೊದ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು, ಅದನ್ನು ಕಾಪಾಡುವುದು ತೆಳುವಾದ ಎಣ್ಣೆಯ ಪದರ. ಆದ್ದರಿಂದ ಕಂಪನಿ ಹೇಳಿದ ಆಯಿಲನ್ನೇ, ಹೇಳಿದ ಹೊತ್ತಿಗೇ ಬದಲಾಯಿಸಿ, ನಾಲ್ಕು ಕಾಸು ಉಳಿಸಲು ಹೋಗಬೇಡಿ. ಸ್ಟಾರ್ಟ್ ಮಾಡಿದ ಕೂಡಲೇ ಜೋರಾಗಿ ಒತ್ತಬೇಡಿ, ಮೊದಲ ಕೆಲವು ನಿಮಿಷ ನಿಧಾನವಾಗಿ ಓಡಲಿ. ಘಾಟಿ ಹತ್ತಿ ಬಂದು ನಿಲ್ಲಿಸಿದ ಕೂಡಲೇ ಎಂಜಿನ್ ಆರಿಸಬೇಡಿ. ಒಂದು ನಿಮಿಷ ಸುಮ್ಮನೆ ಬಿಡಿ, ಎಣ್ಣೆ ಹರಿದು ಕಾವು ಇಳಿಯಲಿ. ದೂರದಿಂದ ಬಿಸಿಲಲ್ಲಿ ನಡೆದು ಬಂದವರಿಗೆ ಕೂರಲು ಹೇಳಿ, ಸುಧಾರಿಸಿಕೊಂಡ ಮೇಲೆ ಊಟಕ್ಕೆ ಕರೆಯುವುದಿಲ್ಲವೇ, ಹಾಗೆ.

ನಾವು ಊರಿಗೆ ಮರಳಿದ ಮೇಲೆ, ಆ ಬೇಸಿಗೆಯಲ್ಲಿ ಎಂಜಿನ್ ಕೆಲಸ ಮುಗಿಯಿತು. ಬಿಚ್ಚಿದಾಗ ಎಣ್ಣೆಯ ಪಂಪೂ ಸವೆದಿರುವುದು ಕಂಡಿತಂತೆ. ಮುಟ್ಟದೆ ಇಟ್ಟಿದ್ದ ಎರಡು ಪಾಲು ಆಗ ಕೈ ಹಿಡಿಯಿತು. ರೋಲರಿನ ಮೇಲೆ ಹದ ಮಾಡುವಾಗ ಟ್ಯೂನಿಂಗಿನವನು, "ಇನ್ನೂ ನೂರು ಕುದುರೆ ಸಿಗುತ್ತೆ, ತೆಗೀಲಾ?" ಎಂದು ಕೇಳಿದನಂತೆ. ಮಗ ಒಂದು ಗಳಿಗೆ ಸುಮ್ಮನಿದ್ದು, ಬೇಡ ಎಂದನಂತೆ. ಅವನ ಬಾಯಿಂದ ಆ ಮಾತು ಕೇಳಿದಾಗ ನನಗೆ 600 ಕುದುರೆ ಸಿಕ್ಕಷ್ಟು ಸಂತೋಷವಾಯಿತು.

ಆದ್ದರಿಂದ ನಿಮ್ಮ ಮನೆಯ ಮಗನೋ ತಮ್ಮನೋ ಮೈದುನನೋ ಇಂಥ ಪಟ್ಟಿ ಹಿಡಿದು ಬಂದರೆ ಗದರಿಸಬೇಡಿ, ಹೊಗಳಿ ಕಳಿಸಲೂ ಬೇಡಿ. ಒಲೆ ಸಣ್ಣ ಮಾಡಿ, ಪಕ್ಕದಲ್ಲಿ ಕೂತು ಕೇಳಿ: ದಿನಾ ಇದನ್ನು ಓಡಿಸುವವರು ಯಾರ್‍ಯಾರು? ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡಬೇಕು? ಇಂಧನ ಎಲ್ಲಿ ಸಿಗುತ್ತೆ? ನಿಲ್ಲಿಸೋಕೆ ಏನು ಏರ್ಪಾಡು? ಕಾನೂನು, ವಿಮೆ ಒಪ್ಪುತ್ತಾ? ಮುಟ್ಟದೆ ಎಷ್ಟು ದುಡ್ಡು ಎತ್ತಿಟ್ಟಿದ್ದೀಯ? ಇಷ್ಟಕ್ಕೂ ಉತ್ತರ ಬರೆದು ತಂದ ಮೇಲೆ, ಎಷ್ಟು ಕುದುರೆ ಎಂದು ಕೇಳಿ. ಆ ಹೊತ್ತಿಗೆ ಲೆಕ್ಕ ತಾನಾಗಿಯೇ ಅಳತೆಗೆ ಬಂದಿರುತ್ತದೆ.